ಗಾರ್ಮೆಂಟ್ಸ್ ಮಹಿಳೆಯರಿಗೆ ಕಾರ್ಖಾನೆಯೊಳಗೇ ಸಿಗಲಿ ಸ್ತ್ರೀ ಆರೋಗ್ಯ ಸೇವೆ

ಮಾನ್ಯ ಸಂಪಾದಕರೇ,

ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಂದಿನಿಂದ ಚರ್ಚೆಯೆಲ್ಲ ರಜೆಯ ಸುತ್ತಲೇ ನಡೆದಿದೆ. ರಜೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳುಗಟ್ಟಲೆ ಅತಿಯಾದ ರಕ್ತಸ್ರಾವ, ಬಿಳಿಸೆರಗು, ಕಿಬ್ಬೊಟ್ಟೆ ನೋವು ಸಹಿಸಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಒಂದು ದಿನದ ವಿಶ್ರಾಂತಿಯ ಜೊತೆಗೆ ಚಿಕಿತ್ಸೆಯೂ ಸಿಗಬೇಕಲ್ಲವೇ? ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ನರ್ಸ್ ಆಗಿ ದುಡಿದವಳಾದ್ದರಿಂದ ಈ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಸರ್ಕಾರಿ ಆರೋಗ್ಯ ವ್ಯವಸ್ಥೆ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗುವುದು ಹಗಲಿನಲ್ಲಿ, ಅದೂ ಮನೆಗೆ. ಆಶಾ ಕಾರ್ಯಕರ್ತೆ ಬೀದಿಗೆ ಬರುವ ಹೊತ್ತಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ತೆರೆದಿರುವ ಹೊತ್ತಿಗೆ, ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರದ ಈ ಮಹಿಳೆಯರು ಕಾರ್ಖಾನೆಯ ಗೇಟಿನ ಒಳಗಿರುತ್ತಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೂ ಅದೇ ಗತಿ: ಆ 9ನೇ ತಾರೀಕು ಭಾನುವಾರ ಬೀಳುವುದು ಅಪರೂಪ.

ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐ ಇದೆಯಲ್ಲ ಎಂದು ಆಡಳಿತ ಮಂಡಳಿಗಳು ಹೇಳುತ್ತವೆ. ಇದೆ, ನಿಜ. 2019ರ ಜುಲೈನಿಂದ ಕಾರ್ಮಿಕರ ವೇತನದಿಂದ ಶೇ 0.75, ಮಾಲೀಕರಿಂದ ಶೇ 3.25 ಅದಕ್ಕೆ ಸಂದಾಯವಾಗುತ್ತಿದೆ. ಹೆರಿಗೆಗೆ 26 ವಾರಗಳ ವೇತನಸಹಿತ ಸೌಲಭ್ಯವಿದೆ, ಗರ್ಭಪಾತವಾದರೆ 6 ವಾರಗಳದ್ದೂ ಇದೆ. ಆದರೆ ಡಿಸ್ಪೆನ್ಸರಿಯಲ್ಲಿ ಚೀಟಿ ಬರೆಸಿ, ಅಲ್ಲಿಂದ ರಾಜಾಜಿನಗರದ ಆಸ್ಪತ್ರೆಗೆ ಹೋಗಿ, ಸ್ಕ್ಯಾನಿಂಗ್‌ಗೆ ಇನ್ನೊಂದು ದಿನ ಬರಬೇಕೆಂದರೆ ಹೋಗುವುದು ಬಸ್ ಚಾರ್ಜು ಮಾತ್ರವಲ್ಲ, ಆ ದಿನಗಳ ಕೂಲಿ, ಅದರ ಜೊತೆಗೆ ಹಾಜರಾತಿ ಭತ್ಯೆ. ಹೀಗಾಗಿ ಬಹಳ ಮಂದಿ ಮನೆ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ನುಂಗುತ್ತಾರೆ. ಗರ್ಭಪಾತದ ಮಾತ್ರೆಯೂ ಹೀಗೆಯೇ ಕೈಸೇರುವುದುಂಟು. ಕಾನೂನು 1971ರಿಂದಲೂ ಸುರಕ್ಷಿತ ಗರ್ಭಪಾತಕ್ಕೆ ದಾರಿ ಮಾಡಿಕೊಟ್ಟಿದೆ, 2021ರ ತಿದ್ದುಪಡಿಯಲ್ಲಿ ಮಹಿಳೆಯ ಗುರುತನ್ನು ಗುಟ್ಟಾಗಿಡುವ ನಿಯಮವೂ ಬಿಗಿಯಾಗಿದೆ ಎಂಬುದನ್ನು ಆಕೆಗೆ ಹೇಳಿದವರೇ ಇಲ್ಲ.

500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ನರ್ಸಿಂಗ್ ಸಿಬ್ಬಂದಿ ಇರುವ ಆಂಬುಲೆನ್ಸ್ ರೂಮ್ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ದೊಡ್ಡ ಗಾರ್ಮೆಂಟ್ಸ್‌ಗಳಲ್ಲೆಲ್ಲ ಇಂಥದೊಂದು ಕೋಣೆ ಇದೆ. ಬೆರಳಿಗೆ ಸೂಜಿ ಚುಚ್ಚಿದರೆ ಬ್ಯಾಂಡೇಜ್, ತಲೆನೋವಿಗೆ, ಹೊಟ್ಟೆನೋವಿಗೆ ಒಂದೊಂದು ಮಾತ್ರೆ. ಸ್ವಲ್ಪ ಹೊತ್ತು ಮಲಗಿ ಎದ್ದರೆ ಮತ್ತೆ ಲೈನಿಗೆ. ಯಂತ್ರ ಬಿಟ್ಟು ಏಳಲು ಸೂಪರ್‌ವೈಸರ್ ಅನುಮತಿ ಬೇಕು, ಅವರು ಬಹುಪಾಲು ಗಂಡಸರು. ಟಾರ್ಗೆಟ್ ತಪ್ಪೀತೆಂದು ನೀರು ಕುಡಿಯುವುದನ್ನೇ ಬಿಟ್ಟು ಮೂತ್ರದ ಸೋಂಕು ತಂದುಕೊಂಡವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನರ್ಸ್ ಬರೆಯುವ ರಿಜಿಸ್ಟರ್ ನೇರವಾಗಿ ಎಚ್‌ಆರ್ ಮೇಜಿಗೆ ಹೋಗುವ ಪದ್ಧತಿಯಂತೂ ಇದೆಲ್ಲಕ್ಕಿಂತ ಕೆಟ್ಟದ್ದು. ಬಸಿರಾದ ಸುದ್ದಿ ಗೊತ್ತಾದರೆ ಕೆಲಸಕ್ಕೆ ಕುತ್ತು ಬಂದೀತೆಂದು ಹೆದರುವ ಹುಡುಗಿ ಆ ಕೋಣೆಯ ಬಾಗಿಲು ತಟ್ಟುತ್ತಾಳೆಯೇ? ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರಿಗೆ ಗೋಡೆಯ ಮೇಲಿನ ಕನ್ನಡ ಪೋಸ್ಟರನ್ನು ಓದಲೂ ಬಾರದು.

ಗರ್ಭನಿರೋಧಕ ಆಯ್ಕೆಗಳ ಮಾತಿಗೆ ಬಂದರೆ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಲೆಕ್ಕಕ್ಕೇ ಸಿಗದಷ್ಟು ಕಡಿಮೆ (ಇದರ ಬಗ್ಗೆ ಇನ್ನೊಂದು ಪತ್ರವೇ ಬರೆಯಬೇಕು). ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಗರ್ಭಕೋಶದೊಳಗೆ ಇಡುವ ವಂಕಿ ಎಲ್ಲವೂ ಸರ್ಕಾರದಿಂದ ಉಚಿತ. ಇವನ್ನು ಕಾರ್ಖಾನೆಗೆ ತರಲು ಮಾಲೀಕರು ಬೊಕ್ಕಸ ಬರಿದು ಮಾಡಬೇಕಿಲ್ಲ, ಸಮೀಪದ ಆರೋಗ್ಯ ಕೇಂದ್ರದೊಂದಿಗೆ ಒಪ್ಪಂದವಾದರೆ ಸಾಕು.

ವಿದೇಶಿ ಬ್ರ್ಯಾಂಡ್‌ಗಳು ಆಗಾಗ ಹಣ ಕೊಟ್ಟು ನಡೆಸುವ ಜಾಗೃತಿ ಶಿಬಿರಗಳು ಒಳ್ಳೆಯವೇ. ಕಾರ್ಮಿಕ ಮಹಿಳೆಯರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಉಳಿದವರಿಗೆ ತಿಳಿಹೇಳಿಸುವ ಕ್ರಮದಿಂದ ಸಂಕೋಚ ಕಳೆಯುವುದನ್ನು ಕಂಡಿದ್ದೇನೆ. ಆದರೆ ಆರ್ಡರ್ ಮುಗಿದರೆ ಶಿಬಿರವೂ ಮುಗಿಯುತ್ತದೆ. ಆದ್ದರಿಂದ ಕಾರ್ಮಿಕ ಮತ್ತು ಆರೋಗ್ಯ ಇಲಾಖೆಗಳು ಜಂಟಿಯಾಗಿ ಆದೇಶ ಹೊರಡಿಸಿ, ದೊಡ್ಡ ಕಾರ್ಖಾನೆಗಳ ಆರೋಗ್ಯ ಕೋಣೆಗೆ ತಿಂಗಳಿಗೆ ಎರಡು ಬಾರಿಯಾದರೂ ಸ್ತ್ರೀರೋಗ ವೈದ್ಯೆ ಬರುವಂತೆ, ಅಲ್ಲಿಯೇ ರಕ್ತಹೀನತೆ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಯುವಂತೆ, ಅಲ್ಲಿಂದ ಇಎಸ್‌ಐ ಆಸ್ಪತ್ರೆಗೆ ಕಳಿಸಿದ ದಿನ ಕೂಲಿಯಾಗಲಿ ಹಾಜರಾತಿ ಭತ್ಯೆಯಾಗಲಿ ಕಡಿತವಾಗದಂತೆ ಮಾಡಬೇಕು. ಆ ಕೋಣೆಯ ರಿಜಿಸ್ಟರ್ ಇಎಸ್‌ಐ ವೈದ್ಯರ ಸುಪರ್ದಿಯಲ್ಲಿರಲಿ, ಎಚ್‌ಆರ್ ವಿಭಾಗಕ್ಕೆ ಅದನ್ನು ತೆರೆಯುವ ಹಕ್ಕು ಬೇಡ. ಸಣ್ಣ ಘಟಕಗಳು ಒಂದೊಂದೇ ಇದನ್ನು ಮಾಡಲಾರವು. ಕೈಗಾರಿಕಾ ವಸಾಹತಿಗೊಂದು ಸಂಜೆ ಕ್ಲಿನಿಕ್ ತೆರೆದರೆ ಶಿಫ್ಟ್ ಬಿಟ್ಟ ಮೇಲೆ ಅಲ್ಲಿನ ಮಹಿಳೆಯರೂ ಹೋಗಬಹುದು.

ಇಂತಿ,
ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಮಾಜಿ ನರ್ಸ್
ಬೆಂಗಳೂರು