ನಾಲ್ಕು ಬೂದು ಸಾಲುಗಳು: ಮಗಳಿಗೊಂದು ಪತ್ರ

ಶಿವಮೊಗ್ಗ
ಜನವರಿ 11

ಚಿ. ಸೌ. ಪುಟ್ಟಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಐರ್ಲೆಂಡಿನ ನಿನ್ನ ಮನೆಯಿಂದ ಹೊರಟು ನಾನು ಊರು ತಲುಪಿ ಐದು ದಿನಗಳಾದವು. ನೀನು ದಿನವೂ ಅಪ್ಪನಿಗೆ ಫೋನ್ ಮಾಡಿ ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತಿರುವುದು ನನಗೆ ಗೊತ್ತು. ಅವರು ಫೋನನ್ನು ನನ್ನ ಕಡೆಗೆ ಚಾಚಿದಾಗ ಕೈಯಲ್ಲಿ ಹಿಟ್ಟಿದೆ ಎಂದು ನಾನು ಹೇಳಿದ್ದು ನಿನಗೂ ಕೇಳಿಸಿರಬೇಕು. ಕೈಯಲ್ಲಿ ಹಿಟ್ಟಿರಲಿಲ್ಲ. ಫೋನಿನಲ್ಲಿ ಮಾತು ಆರಂಭಿಸಿದರೆ ಮೂರನೆಯ ವಾಕ್ಯಕ್ಕೆ ನಾನು ಉಪದೇಶಕ್ಕೆ ಇಳಿಯುತ್ತೇನೆ ಎಂಬುದು ಇಬ್ಬರಿಗೂ ತಿಳಿದ ವಿಷಯವಾದ್ದರಿಂದ ಬರೆಯಲು ಕುಳಿತಿದ್ದೇನೆ. ಸಂಕ್ರಾಂತಿಯ ಎಳ್ಳಿಗೆ ಹೆಚ್ಚಬೇಕಾದ ಕೊಬ್ಬರಿ ಅರ್ಧಕ್ಕೇ ನಿಂತಿದೆ.

ಮಫ್ಲರಿನ ಹಳೆಯ ಸಂಗತಿಯನ್ನು ನೀನು ಅಂದು ಎತ್ತಲಿಲ್ಲ, ನಾನೂ ಎತ್ತುವುದಿಲ್ಲ. ನೀನು ಆಸ್ಪತ್ರೆಯಿಂದ ಮನೆಗೆ ಬಂದ ದಿನದ ಬಗ್ಗೆಯೂ ಬರೆಯುವುದಿಲ್ಲ. ನಾನು ಬರೆಯಬೇಕಾಗಿರುವುದು ಜನವರಿ 2ರ ರಾತ್ರಿಯ ಬಗ್ಗೆ ಮಾತ್ರ.

ಅಂದು ನೀವಿಬ್ಬರೂ ಬೇಗ ಮಲಗಿದಿರಿ. ನನಗೆ ನಿದ್ರೆ ಬರಲಿಲ್ಲ. ನೀನು ಹೆಣೆಯುತ್ತಾ ಸೋಫಾದ ಮೇಲೆ ಇಟ್ಟಿದ್ದ ಉಣ್ಣೆಯ ಶಾಲನ್ನು ಎತ್ತಿಕೊಂಡದ್ದು ನೋಡುವುದಕ್ಕೆಂದೇ ಹೊರತು ಮುಟ್ಟುವುದಕ್ಕಲ್ಲ ಎಂದರೆ ನೀನು ನಂಬುವೆಯೋ ಇಲ್ಲವೋ, ಆದರೆ ಅದು ನಿಜ. ಒಂಬತ್ತು ಕುಣಿಕೆಗಳಿಂದ ಆರಂಭವಾಗಿ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ನಾಲ್ಕು ಕುಣಿಕೆ ಹೆಚ್ಚುತ್ತಾ, ಎರಡು ಅಂಚುಗಳೂ ನಡುವಿನ ಬೆನ್ನುಗೆರೆಯೂ ಒಂದಿಷ್ಟೂ ಓರೆಯಾಗದಂತೆ ತ್ರಿಕೋನ ಬೆಳೆದಿತ್ತು. ವಾರಕ್ಕೆ ಆರು ಸಾಲು ಬೂದು, ಆರು ಸಾಲು ಬಿಳಿ. ಇರುಳಿಗೊಂದು ಬಣ್ಣ, ಹಗಲಿಗೊಂದು. ನವೆಂಬರ್ 1ರಿಂದ ಜನವರಿ 30ಕ್ಕೆ ಸರಿಯಾಗಿ 91 ದಿನ, ಅಂದರೆ 13 ವಾರ. ಮರುದಿನ ರಾತ್ರಿ, ಫೆಬ್ರವರಿ 1ಕ್ಕೆ ಬರುವ ಐರಿಷರ ವಸಂತದ ಹಬ್ಬ ಇಂಬೋಲ್ಕ್‌ನ ಮುನ್ನಾದಿನ. ವರ್ಷದ ಅತಿ ದೀರ್ಘ ಇರುಳಿನ ವಾರದ ಬಿಳಿಯ ನಡುವೆ ನೀನು ಎರಡು ಸಾಲು ಕಿತ್ತಳೆ ಸೇರಿಸಿದ್ದೆ, ಕೊನೆಯ ಅಂಚಿಗೆಂದು ಹಸಿರು ಉಣ್ಣೆಯನ್ನು ತೆಗೆದಿಟ್ಟಿದ್ದೆ. ಇದನ್ನು ನೀನು ಯಾವ ಪುಸ್ತಕವನ್ನೂ ನೋಡದೆ ಲೆಕ್ಕ ಹಾಕಿದ್ದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಅಷ್ಟು ಚೆಂದದ ಲೆಕ್ಕವನ್ನು ಹೆಚ್ಚು ನೋಡಿಲ್ಲ. ಆ ಮಾತನ್ನು ಮೂರು ತಿಂಗಳಲ್ಲಿ ಒಮ್ಮೆಯಾದರೂ ನಿನ್ನ ಮುಂದೆ ಹೇಳಬಹುದಾಗಿತ್ತು. ಹೇಳಿದ್ದು ಬೇರೆ: ಕತ್ತಲಿನ ಅರ್ಧವರ್ಷ ಆರಂಭವಾಗುವ ನವೆಂಬರಿನ ಹಬ್ಬದ ಹೆಸರನ್ನು ಅಲ್ಲಿನವರು 'ಸಾವಿನ್' ಎಂದು ಉಚ್ಚರಿಸುತ್ತಾರೆ ಎಂದು ನೀನು ತಿಳಿಸಿದಾಗ, ಸಂಜೆಯ ಹೊತ್ತು ಆ ಪದವನ್ನು ಬಾಯಲ್ಲಿ ಹೇಳಬೇಡ ಎಂದು ಗದರಿದ್ದೆ.

ಆ ರಾತ್ರಿ ನಾನು ಎಣಿಸಿದೆ. ಎರಡು ಸಾಲಿಗೊಂದು ಏಣು ಮೂಡುವ ಹೆಣಿಗೆಯಾದ್ದರಿಂದ ಹೆಬ್ಬೆರಳ ಉಗುರಿನಿಂದ ತಡವುತ್ತಾ ಹೋದರೆ ಲೆಕ್ಕ ತಾನಾಗಿ ಸಿಗುತ್ತದೆ. ಬೂದು ಪಟ್ಟಿಗಳೆಲ್ಲ ಮೂರು ಏಣು. ಏಳನೆಯದರಲ್ಲಿ ಐದು. ನಾಲ್ಕು ಸಾಲು ಹೆಚ್ಚು.

ತಪ್ಪು ಕಂಡ ಮೇಲೆ ಬಿಟ್ಟು ಮಲಗುವುದು ನನ್ನಿಂದ ಆಗಲಿಲ್ಲ. 106 ಸಾಲುಗಳಾಗಿದ್ದವು. ಕಡ್ಡಿಯನ್ನು ಹೊರಗೆಳೆದು, 28 ಸಾಲುಗಳನ್ನು ಬಿಚ್ಚಿ, ಏಳನೆಯ ಪಟ್ಟಿಯ ಆರನೆಯ ಸಾಲಿನ 165 ಕುಣಿಕೆಗಳನ್ನು ಒಂದೊಂದಾಗಿ ಮತ್ತೆ ಕಡ್ಡಿಗೆ ಏರಿಸಿದೆ. ಒಂದೂ ಜಾರಲಿಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಹೀಟರ್ ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು, ಹೊರಗೆ ಮಳೆ. ನಾಲ್ಕೂವರೆ ಸಾವಿರ ಕುಣಿಕೆಗಳನ್ನು ಹೆಣೆದು ಮುಗಿಸುವಾಗ ಮೂರು ಗಂಟೆ ದಾಟಿತ್ತು. ಆಮೇಲೆ ಶಾಲನ್ನು ನೀನು ಇಟ್ಟಿದ್ದ ಹಾಗೆಯೇ, ಅದೇ ಮಡಿಕೆಯಲ್ಲಿ, ಕಡ್ಡಿಯ ತುದಿ ಅದೇ ದಿಕ್ಕಿಗೆ ಬರುವಂತೆ ಇಟ್ಟೆ. ಒಳ್ಳೆಯ ಕೆಲಸ ಮಾಡಿದವರು ಹಾಗೆ ಇಡುವುದಿಲ್ಲ, ಕದ್ದವರು ಇಡುತ್ತಾರೆ ಎಂಬುದು ಆಗ ಹೊಳೆಯಲಿಲ್ಲ.

ಬೆಳಿಗ್ಗೆ ನೀನು ಕಾಫಿ ಲೋಟವನ್ನು ಕೆಳಗಿಟ್ಟು, ಪಟ್ಟಿಯ ಮೇಲೆ ಬೆರಳಾಡಿಸಿ, "ಅಮ್ಮ, ಇಲ್ಲಿ ಹತ್ತು ಸಾಲು ಇತ್ತಲ್ಲ" ಎಂದೆ. ತಪ್ಪಿತ್ತು, ಸರಿಮಾಡಿದೆ ಎಂದೆ ನಾನು. "ತಪ್ಪಿರಲಿಲ್ಲ" ಎಂದು ಅಷ್ಟೇ ಹೇಳಿ ನೀನು ಒಳಗೆ ಹೋದೆ. ಅಲ್ಲಿಗೆ ಬಿಡಬಹುದಾಗಿತ್ತು. ಬಾಗಿಲ ಹೊರಗೆ ನಿಂತು, ಪರದೇಶದ ಹಬ್ಬಕ್ಕೆ ಹೆಣೆಯುವ ಶಾಲಿಗೆ ಹೆತ್ತ ತಾಯಿಯ ಮೇಲೆ ಇಷ್ಟು ಸಿಟ್ಟೇ ಎಂದು ಕೇಳಿದೆನಲ್ಲ, ಆ ಮಾತನ್ನು ಹಿಂದಕ್ಕೆ ಪಡೆಯಲು ಆಗುವುದಾದರೆ ಇನ್ನೊಂದು ನಾಲ್ಕೂವರೆ ಸಾವಿರ ಕುಣಿಕೆ ಬಿಚ್ಚಿಯೇನು.

ಅರ್ಥವಾದದ್ದು ವಿಮಾನದಲ್ಲಿ. ಊಟದ ತಟ್ಟೆಯನ್ನು ತೆಗೆದುಕೊಂಡು ಹೋದ ಮೇಲೆ, ಕಾಗದದ ಕರವಸ್ತ್ರದ ಮೇಲೆ ವಾರಗಳನ್ನು ಬರೆಯುತ್ತಾ ಹೋದೆ. ಏಳನೆಯ ವಾರ, ಡಿಸೆಂಬರ್ 13ರಿಂದ 19. ನೀನು ಆಸ್ಪತ್ರೆಯಿಂದ ಬಂದ ವಾರ. ಗಣಿತದ ಟೀಚರಿಗೆ ಇಷ್ಟು ಕೂಡಲು ಮೂರು ದಿನ ಬೇಕಾಯಿತು.

ಮತ್ತೆ ಆ ರಾತ್ರಿಗೇ ಬರುತ್ತೇನೆ, ಕ್ಷಮಿಸು. ಬಿಚ್ಚುವಾಗ ಆ ನಾಲ್ಕು ಸಾಲು ಉಳಿದವುಗಳಂತೆ ಸರಸರನೆ ಬರಲಿಲ್ಲ. ಕುಣಿಕೆಗಳು ಬಿಗಿದುಕೊಂಡಿದ್ದವು. ಎರಡು ಕಡೆ ಉಗುರಿನಿಂದ ಬಿಡಿಸಬೇಕಾಯಿತು. ದಾರವನ್ನು ಇಷ್ಟು ಜಗ್ಗಿ ಹಿಡಿಯುತ್ತಾಳಲ್ಲ, ಎಷ್ಟು ಹೇಳಿದರೂ ಕೈ ಸಡಿಲ ಬಿಡುವುದಿಲ್ಲ ಎಂದು ನಾನು ಗೊಣಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಆ ವಾರ ನೀನು ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತು ಹೆಣೆಯುತ್ತಿದ್ದೆ, ಸಂಜೆ ನಾಲ್ಕಕ್ಕೇ ಕತ್ತಲೆ. ನಾನು ಸಾರು ಮಾಡಿದೆ, ಗಂಜಿ ಮಾಡಿದೆ, ಮೆಂತ್ಯದ ಲೇಹ್ಯ ಕಾಸಿದೆ, ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ. ನಿನ್ನ ಪಕ್ಕ ಒಂದು ಕುರ್ಚಿ ಖಾಲಿ ಇತ್ತು.

ಕಿಲ್ಡೇರ್ ಊರಿನ ಬಳಿಯ ಕರ್ರಾ ಬಯಲಿಗೆ ನೀನು ಕರೆದೊಯ್ದ ದಿನವನ್ನೂ ನಾನು ಆಗ ಸರಿಯಾಗಿ ನೋಡಿರಲಿಲ್ಲ. ಬೆನ್ನಿಗೆ ನೀಲಿ ಬಣ್ಣದ ಗುರುತು ಬಳಿದ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಮೇಯುತ್ತಿದ್ದವು. ಬ್ರಿಜಿಡ್ ಎಂಬ ಸಂತಳು ಲೀನ್‌ಸ್ಟರಿನ ರಾಜನನ್ನು ತನ್ನ ಹೊದಿಕೆ ಮುಚ್ಚುವಷ್ಟು ನೆಲ ಕೊಡು ಎಂದು ಕೇಳಿದಳಂತೆ, ಅವನು ನಕ್ಕು ಒಪ್ಪಿದನಂತೆ, ಹಾಸಿದ ಹೊದಿಕೆ ಹರಡುತ್ತಾ ಹರಡುತ್ತಾ ಇಡೀ ಬಯಲನ್ನೇ ಮುಚ್ಚಿತಂತೆ. ನೀನು ಆ ಕಥೆ ಹೇಳಿದಾಗ ಇದು ನಮ್ಮ ವಾಮನನ ಕಥೆಯೇ ಎಂದು ನಾನು ನಡುವೆ ಬಾಯಿ ಹಾಕಿದೆ. ಕಿಲ್ಡೇರಿನ ಕೆಥೆಡ್ರಲ್ ಪಕ್ಕದ ಅಗ್ನಿಗೃಹದ ಅಡಿಪಾಯದ ಬಳಿ, ಹತ್ತೊಂಬತ್ತು ಸಂನ್ಯಾಸಿನಿಯರು ಸರದಿಯಂತೆ ಬೆಂಕಿ ಕಾಯುತ್ತಿದ್ದರು, ಇಪ್ಪತ್ತನೆಯ ರಾತ್ರಿ ಬ್ರಿಜಿಡಳೇ ಕಾಯುತ್ತಾಳೆಂದು ಬಿಟ್ಟುಬಿಡುತ್ತಿದ್ದರು ಎಂದು ನೀನು ವಿವರಿಸಿದ್ದೂ ನೆನಪಿದೆ. ಅವಳು ಸಂತಳಾಗುವ ಮೊದಲು ದೇವತೆಯಾಗಿದ್ದವಳು, ಕಾವ್ಯಕ್ಕೆ, ಚಿಕಿತ್ಸೆಗೆ, ಕಮ್ಮಾರಿಕೆಗೆ ಒಡತಿ ಎಂದೆ ನೀನು. ಆದರೆ ಕುರಿಗಳನ್ನು ನೋಡುತ್ತಾ ನೀನು ಏಕೆ ಮಾತು ನಿಲ್ಲಿಸಿದೆ ಎಂಬುದನ್ನು ನಾನು ಕೇಳಲಿಲ್ಲ. ಇಂಬೋಲ್ಕ್ ಎಂಬ ಪದಕ್ಕೆ 'ಹೊಟ್ಟೆಯೊಳಗೆ' ಎಂದು ಅರ್ಥ ಹೇಳುತ್ತಾರೆಂದು, ಅದು ಗಬ್ಬದ ಕುರಿಗಳ ಕೆಚ್ಚಲಲ್ಲಿ ಹಾಲು ಇಳಿಯುವ ಕಾಲದ ಹಬ್ಬವೆಂದು ಇಲ್ಲಿಗೆ ಬಂದ ಮೇಲೆ ಓದಿದೆ.

ಪರದೇಶದ ಹಬ್ಬ ಎಂದೆನಲ್ಲ, ಅದಕ್ಕೆ ನನ್ನ ಅಜ್ಜಿ ಇದ್ದಿದ್ದರೆ ನನ್ನನ್ನೇ ಬೈಯುತ್ತಿದ್ದಳು. ಚಳ್ಳಕೆರೆಯ ಕರಿ ಕಂಬಳಿ, ಹುಣಸೆಬೀಜದ ಗಂಜಿಯಿಂದ ಬಿರುಸಾದದ್ದು, ಅವಳಿಗೆ ಹಾಸಿಗೆಯೂ ಹೌದು, ಪೂಜೆಯ ಗದ್ದುಗೆಯೂ ಹೌದು. ಉಣ್ಣೆಗೆ ಮೈಲಿಗೆಯಿಲ್ಲ ಎಂದು ಹೇಳುತ್ತಿದ್ದಳು. ಯಾವ ಕುರಿಯ ಉಣ್ಣೆ ಎಂದು ಅವಳು ಕೇಳಿದ್ದು ನನಗೆ ನೆನಪಿಲ್ಲ.

ಜನವರಿ 31ರ ರಾತ್ರಿ ನೀನು ಶಾಲನ್ನು ಹಿತ್ತಲಿನ ಪೊದೆಯ ಮೇಲೆ ಹೊದಿಸಿಡುವವಳಿದ್ದೀಯೆ ಎಂದು ಅಳಿಯಂದಿರು ಹೇಳಿದರು. ಬ್ರಿಜಿಡ್ ಹಾದುಹೋಗುವಾಗ ಮುಟ್ಟಿದ ಬಟ್ಟೆ ತಲೆನೋವಿಗೆ, ಗಂಟಲುನೋವಿಗೆ ಮದ್ದಂತೆ. ಅದರ ಇನ್ನೊಂದು ಉಪಯೋಗವನ್ನು ನೀನೂ ಓದಿದ್ದೀಯೆ, ನಾನೂ ಓದಿದೆ. ಖಂಡಿತ ಇಡು. ಆದರೆ ಒಂದು ಮಾತು: ನೆನೆದ ಉಣ್ಣೆ ತನ್ನ ಭಾರಕ್ಕೇ ಜೋಲುತ್ತದೆ, ಆದ್ದರಿಂದ ಕೊಂಬೆಗೆ ತೂಗುಹಾಕಬೇಡ, ಅಗಲವಾಗಿ ಹರಡು. ಬೆಳಿಗ್ಗೆ ತಂದ ಕೂಡಲೇ ಹಿಂಡಬೇಡ; ಟವೆಲಿನಲ್ಲಿ ಸುತ್ತಿ ಒತ್ತು, ಆಮೇಲೆ ನೆಲದ ಮೇಲೆ ಬೆನ್ನುಗೆರೆಯನ್ನು ನೇರಮಾಡಿಕೊಂಡು ಅಂಚಿಗೆ ಪಿನ್ನು ಚುಚ್ಚಿ ಒಣಗಿಸು. ಹೀಟರಿನ ಮೇಲೆ ಹಾಕಬೇಡ. ಬಣ್ಣ ಬದಲಿಸುವಾಗ ಅಂಚಿನಲ್ಲಿ ಸಾಗುವ ದಾರವನ್ನು ಜಗ್ಗದೆ ಸಡಿಲ ಬಿಡು. ಮಧ್ಯಾಹ್ನ ಬೆಳಕಿರುವಾಗಲೇ ಅರ್ಧ ಗಂಟೆ ಹೊರಗೆ ನಡೆ. ಫ್ರೀಜರಿನ ಎಡಭಾಗದ ಡಬ್ಬಗಳನ್ನು ಮೊದಲು ಮುಗಿಸು, ಬರೀ ಬ್ರೆಡ್ಡು ತಿಂದು ಕೂರಬೇಡ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡ. ನೋಡಿದೆಯಾ, ಕಾಗದದಲ್ಲೂ ಅದೇ ಆಯಿತು.

ಈಗ ಮುಖ್ಯ ವಿಷಯ. ನಾನು ದಾರವನ್ನು ಎಲ್ಲಿಯೂ ಕತ್ತರಿಸಲಿಲ್ಲ. ಬಿಚ್ಚಿದ ಉಣ್ಣೆ ಒಗೆಯುವವರೆಗೆ ಗುಂಗುರಾಗಿಯೇ ಉಳಿಯುತ್ತದೆ. ಬೂದು ಉಂಡೆಯ ಮೇಲುಸುತ್ತಿನಲ್ಲಿ ಹಾಗೆ ಗುಂಗುರಾಗಿರುವ ಒಂದಿಷ್ಟು ದಾರ ಇದೆ, ಅದೇ ಆ ನಾಲ್ಕು ಸಾಲಿನಷ್ಟು. 169, 169, 173, 173; ಒಟ್ಟು 684 ಕುಣಿಕೆ. ಹತ್ತನೆಯ ವಾರದ ಪಟ್ಟಿಯಲ್ಲಿ ನೀನು ಆಗಲೇ ಅದನ್ನು ಹೆಣೆದುಬಿಟ್ಟಿದ್ದರೆ ಈ ಮಾತನ್ನು ಬಿಡು. ಇಲ್ಲವಾದರೆ ಆ ಭಾಗವನ್ನು ಬೇರೆ ಸುತ್ತಿಟ್ಟುಕೊಳ್ಳಬಹುದು. ಹದಿಮೂರನೆಯ ವಾರದ ಬೂದು ಪಟ್ಟಿಯ ಹೊತ್ತಿಗೆ ಸಾಲಿಗೆ 301 ಕುಣಿಕೆಗಳಿರುತ್ತವೆ. ಅಲ್ಲಿ ಸೇರಿಸಿದರೆ ನಾಲ್ಕು ಸಾಲಾಗುವುದಿಲ್ಲ, ಎರಡೇ ಸಾಲು ಆಗಿ ತುಸು ಮಿಗುತ್ತದೆ. ಇದ್ದಲ್ಲೇ ಬೇಕು ಎನ್ನಿಸಿದರೆ 78ನೆಯ ಸಾಲಿನವರೆಗೆ ಮತ್ತೆ ಬಿಚ್ಚಬೇಕಾಗುತ್ತದೆ. ಹಾಗೆ ಬಿಚ್ಚುವ ಮೊದಲು ಸೂಜಿಯಲ್ಲಿ ತೆಳು ಹತ್ತಿ ನೂಲು ಪೋಣಿಸಿ ಆ ಸಾಲಿನ ಎಲ್ಲ 165 ಕುಣಿಕೆಗಳ ಮೂಲಕ ಹಾಯಿಸು, ಒಂದೂ ಜಾರುವುದಿಲ್ಲ. ಎರಡು ಸಲ ಬಿಚ್ಚಿದ ಉಣ್ಣೆಯಲ್ಲಿ ಸ್ವಲ್ಪ ಜುಂಗು ಏಳುತ್ತದೆ, ಅದು ಕಣ್ಣಿಗೆ ಕಂಡರೆ ನನ್ನನ್ನು ಬೈದುಕೋ. ಯಾವುದನ್ನು ಮಾಡುವೆ ಎಂದು ನನಗೆ ತಿಳಿಸಬೇಕಾಗಿಲ್ಲ.

ಮುಗಿದ ಮೇಲೆ ಶಾಲು ಹೊದ್ದುಕೊಂಡಿರುವ ಒಂದು ಫೋಟೋ ಕಳಿಸು. ಹಿಂಬದಿಯದ್ದನ್ನೂ ಹತ್ತಿರದಿಂದ ತೆಗೆದು ಕಳಿಸು ಎಂದು ನಾನು ಅಪ್ಪನ ಕೈಯಲ್ಲಿ ಹೇಳಿಸಬಹುದು. ಕಳಿಸಬೇಡ.

ನಿನ್ನ
ಅಮ್ಮ