ರಾಮನ್ ಸೆಲ್‌ನ ಪರಿವರ್ತನೆ ಮತ್ತು ಕಿರಣದ ಗುಣಮಟ್ಟದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಹೈಡ್ರೋಜನ್ ರಾಮನ್ ಸೆಲ್ ಒಪ್ಪಂದದಂತೆ ಕೆಲಸ ಮಾಡದಿರುವುದು

ಮಾನ್ಯರೇ,

ನಿಮ್ಮಿಂದ ಖರೀದಿಸಿದ ಸೆಲ್ (ಲೇಸರ್ ಬೆಳಕಿನ ಬಣ್ಣ ಬದಲಿಸುವ, ಹೈಡ್ರೋಜನ್ ತುಂಬಿದ ಕೊಳವೆ) 532 ನ್ಯಾನೊಮೀಟರ್‌ನ ಹಸಿರು ಲೇಸರ್ ಶಕ್ತಿಯಲ್ಲಿ ಶೇ 80ರಷ್ಟನ್ನು 683 ನ್ಯಾನೊಮೀಟರ್‌ನ ಕೆಂಪು ಕಿರಣವಾಗಿ ಪರಿವರ್ತಿಸುತ್ತದೆ ಎಂದು ನಿಮ್ಮ ಪರೀಕ್ಷಾ ವರದಿ ಹೇಳುತ್ತದೆ. ಇದು ಆಗುವ ಮಾತಲ್ಲ. ಪ್ರಚೋದಿತ ರಾಮನ್ ಚದುರಿಕೆಯಲ್ಲಿ ಒಂದು ಹಸಿರು ಫೋಟಾನ್‌ಗೆ (ಬೆಳಕಿನ ಕಣಕ್ಕೆ) ದಕ್ಕುವುದು ಒಂದೇ ಕೆಂಪು ಫೋಟಾನ್. ತರಂಗಾಂತರ ಹೆಚ್ಚಿದಷ್ಟೂ ಫೋಟಾನ್‌ನ ಶಕ್ತಿ ಕಡಿಮೆ. ಉಳಿದ ಶಕ್ತಿ ಹೈಡ್ರೋಜನ್ ಅಣುವಿನ ಕಂಪನಕ್ಕೆ ಹೋಗುತ್ತದೆ. ಒಂದೂ ಫೋಟಾನ್ ವ್ಯರ್ಥವಾಗದಿದ್ದರೂ ಶೇ 78ನ್ನು ದಾಟಲು ಸಾಧ್ಯವಿಲ್ಲ. ವರದಿಗೆ ಸಹಿ ಹಾಕಿದವರು 532ನ್ನು 683ರಿಂದ ಭಾಗಿಸಿ ನೋಡಿದ್ದರೂ ಸಾಕಿತ್ತು.

ಆ ಅಂಕಿ ಹುಟ್ಟಿದ್ದು ಹೇಗೆಂದು ನಿಮ್ಮ ಎಂಜಿನಿಯರ್ ಅಳವಡಿಕೆಗೆ ಬಂದಾಗ ತಿಳಿಯಿತು. ಅವರು ಸೆಲ್‌ನಿಂದ ಹೊರಬಂದ ಬೆಳಕನ್ನೆಲ್ಲ ನೇರವಾಗಿ ಶಕ್ತಿಮಾಪಕಕ್ಕೆ ಬಿಟ್ಟರು. ನಾವು ಅದೇ ಜಾಗದಲ್ಲಿ ಪ್ರಿಸಮ್ ಇಟ್ಟೆವು. ಬಿಳಿ ರಟ್ಟಿನ ಮೇಲೆ ಕೆಂಪು ಚುಕ್ಕೆ, ಪಕ್ಕದಲ್ಲಿ ಅದಕ್ಕಿಂತ ಪ್ರಖರವಾದ ಹಸಿರು, ಅದರಾಚೆ 436ರ ನೀಲಿ. ಕೆಂಪು ಬೆಳಕೇ ಮತ್ತೊಮ್ಮೆ ಚದುರಿ ಹುಟ್ಟುವ, ಕಣ್ಣಿಗೆ ಕಾಣದ 954ರ ಎರಡನೇ ಸ್ಟೋಕ್ಸ್ ಕಿರಣವೂ ಇತ್ತು. ಇಷ್ಟನ್ನೂ ಕೂಡಿಸಿ ಕೆಂಪಿನ ಲೆಕ್ಕಕ್ಕೆ ಬರೆದಿದ್ದೀರಿ! ಬೇರ್ಪಡಿಸಿ ಅಳೆದರೆ ಕೆಂಪಿನ ಪಾಲು ಶೇ 40ನ್ನೂ ಮುಟ್ಟುವುದಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ನಾವು ರಾಮನ್ ಸೆಲ್ ಆರಿಸಿಕೊಂಡದ್ದೇ ಕಿರಣದ ಗುಣಮಟ್ಟಕ್ಕಾಗಿ. ಆದರ್ಶ ಕಿರಣಕ್ಕಿಂತ ಎಷ್ಟು ಪಟ್ಟು ಹೆಚ್ಚು ಹರಡುತ್ತದೆ ಎಂದು ತಿಳಿಸುವ ಎಂ-ಸ್ಕ್ವೇರ್ (ಆದರ್ಶ ಕಿರಣಕ್ಕೆ 1) 1.5ರೊಳಗೆ ಇರುತ್ತದೆ ಎಂದು ಬರೆದುಕೊಟ್ಟಿದ್ದೀರಿ. ಇಲ್ಲಿ 3ನ್ನು ದಾಟುತ್ತಿದೆ. ಲೇಸರ್ ಕಿರಣ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11146ರ ಪ್ರಕಾರ ಕಿರಣದ ಅಗಲವನ್ನು ಕನಿಷ್ಠ 10 ಸ್ಥಾನಗಳಲ್ಲಿ ಅಳೆಯಬೇಕು. ನಿಮ್ಮ ವರದಿಯಲ್ಲಿರುವುದು ಒಂದೇ ಸ್ಥಾನದ ಚಿತ್ರ.

ದೋಷ ನಮ್ಮ ಲೇಸರ್‌ನದು ಎಂಬ ನಿಮ್ಮ ಉತ್ತರವನ್ನು ನಾನು ಒಪ್ಪುವುದಿಲ್ಲ. ಲೇಸರನ್ನು 10 ಹರ್ಟ್ಸ್‌ನಲ್ಲೇ (ಸೆಕೆಂಡಿಗೆ 10 ಪಲ್ಸ್) ನಡೆಸಿ, ಷಟರ್ ಮೂಲಕ ಹತ್ತರಲ್ಲಿ ಒಂದು ಪಲ್ಸನ್ನಷ್ಟೇ ಸೆಲ್‌ಗೆ ಬಿಟ್ಟರೆ, ಉದ್ದಕ್ಕೆ ಎಳೆದಂತಿದ್ದ ಕೆಂಪು ಚುಕ್ಕೆ ಗುಂಡಗಾಗುತ್ತದೆ. ಲೇಸರ್ ಬದಲಾಗಿಲ್ಲ, ಬದಲಾದದ್ದು ಅನಿಲಕ್ಕೆ ಸಿಕ್ಕ ಬಿಡುವು. ಅಣುಗಳಲ್ಲಿ ಉಳಿದ ಶಕ್ತಿ ಶಾಖವಾಗಿ, ನಾಭಿಯ ಬಳಿಯ ಅನಿಲವೇ ಮುಂದಿನ ಪಲ್ಸನ್ನು ಕೆಡಿಸುತ್ತಿದೆ. ಅನಿಲವನ್ನು ಸುತ್ತಿಸುವ ಫ್ಯಾನ್ ಈ ಸೆಲ್‌ನಲ್ಲಿಲ್ಲ. 10 ಹರ್ಟ್ಸ್ ಎಂದು ಖರೀದಿ ಆದೇಶದಲ್ಲೇ ಬರೆದಿದ್ದರೂ ನೀವು ಅದನ್ನು ಗಮನಿಸಲಿಲ್ಲ.

ಈ ಕಿರಣವನ್ನು ನೆಚ್ಚಿಕೊಂಡಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಕೆಲಸ ನಿಂತುಹೋಗಿದೆ. ಇದು ನನಗೆ ಹಣದ ನಷ್ಟಕ್ಕಿಂತ ಹೆಚ್ಚಿನ ನೋವು.

30 ದಿನಗಳೊಳಗೆ ಫ್ಯಾನ್ ಇರುವ ಸೆಲ್ ಕೊಟ್ಟು, ನಮ್ಮ ಲೇಸರ್‌ನಲ್ಲಿಯೇ, ಬಣ್ಣಗಳನ್ನು ಬೇರ್ಪಡಿಸಿ ಪರೀಕ್ಷಿಸಿ ತೋರಿಸಿ. ಇಲ್ಲವಾದರೆ ಸೆಲ್ ವಾಪಸು ಪಡೆದು ಪೂರ್ತಿ ಹಣ ಹಿಂದಿರುಗಿಸಿ. ಅಲ್ಲಿಯವರೆಗೆ ಬಾಕಿ ಮೊತ್ತವನ್ನು ಪಾವತಿಸುವುದಿಲ್ಲ.

ಇತಿ,
ಪ್ರಯೋಗಾಲಯದ ಉಸ್ತುವಾರಿ