ಕಾಲು ದಪ್ಪವಾದರೆಲ್ಲ ಬೊಜ್ಜಲ್ಲ

ಮಾನ್ಯರೇ,

ಮೈ ತೆಳ್ಳಗಿದ್ದೂ ಕಾಲುಗಳೆರಡು ಮಾತ್ರ ದಪ್ಪವಾಗಿ ನೋಯುವ ಲಿಪಿಡೀಮಾ ಎಂಬ, ಚರ್ಮದಡಿ ಕೊಬ್ಬು ಸೇರುವ ಕಾಯಿಲೆಯನ್ನು ಬೊಜ್ಜೆಂದು ತಳ್ಳಿಹಾಕುವುದು ನಿಲ್ಲಬೇಕು. ಇದೇ ತೊಂದರೆಯಿರುವ, ತೀರ್ಥಹಳ್ಳಿ ಸಮೀಪದ ನನ್ನ ಅಕ್ಕನ ತೂಕ ಐವತ್ತು ಕೆ.ಜಿ. ದಾಟಿಲ್ಲ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮಣೆ ತಾಗಿದರೂ ಕಾಲು ನೀಲಿಗಟ್ಟುತ್ತದೆ. ದಪ್ಪವೆಲ್ಲ ಗೆಜ್ಜೆ ಕಟ್ಟುವಲ್ಲಿಗೆ ನಿಂತು, ಪಾದ ತೆಳ್ಳಗೇ ಇದೆ. ಆನೆಕಾಲಿನಲ್ಲಾದರೆ ಪಾದವೂ ಊದುತ್ತದೆ. ಆದರೂ ಸಿಕ್ಕಿದ್ದು ‘ಅನ್ನ ಬಿಡಿ’ ಎಂಬ ಸಲಹೆ. ಬಿಟ್ಟಳು, ಕೆನ್ನೆ ಗುಳಿಬಿತ್ತು, ಕಾಲು ಹಾಗೆಯೇ ಉಳಿಯಿತು!

1940ರಲ್ಲೇ ಅಮೆರಿಕದ ವೈದ್ಯರು ವಿವರಿಸಿದ ಕಾಯಿಲೆಯಿದು. ಬಿಗಿ ಕಾಲುಚೀಲ, ವ್ಯಾಯಾಮದಿಂದ ನೋವು ತಗ್ಗಬಹುದು. ಕೆಲವರಿಗೆ ಕೊಬ್ಬು ಹೀರುವ ಶಸ್ತ್ರಚಿಕಿತ್ಸೆಯೂ ಉಂಟು. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ಇದರ ಲಕ್ಷಣಗಳ ಕುರಿತು ಆರೋಗ್ಯ ಇಲಾಖೆ ತರಬೇತಿ ನೀಡಲಿ.

– ಓದುಗರೊಬ್ಬರು, ತೀರ್ಥಹಳ್ಳಿ